ಹಾಸಿಗೆಯಲ್ಲಿದ್ದ ಹಿರೀಕರು

ನಮ್ಮೂರಲ್ಲಿ ಯಾರೂ ಧೂಳು ಅನ್ನುವುದಿಲ್ಲ. ಹಿರೀಕರು ಅನ್ನುತ್ತೇವೆ. ಅಟ್ಟದ ಮೇಲೆ ಹಿರೀಕರು ಕೂತಿದ್ದಾರೆ, ಫೋಟೊ ಕಟ್ಟಿನ ಮೇಲೆ ಹಿರೀಕರು ದಪ್ಪಗಾಗಿದ್ದಾರೆ, ಮಗು ಕಪಾಟಿನ ಹಿರೀಕರ ಮೇಲೆ ಬೆರಳಾಡಿಸಿಬಿಟ್ಟಿತು, ಹೀಗೆ. ಬೇರೆ ಊರಿನವರು ಕೇಳಿದರೆ ನಗುತ್ತಾರೆ. ನಗಲಿ ಬಿಡಿ. ಅವರ ಮನೆಯ ದಿಂಬು ತಟ್ಟಿದರೆ ಬರೀ ಸೀನು ಬರುತ್ತದೆ. ನಮ್ಮ ಮನೆಯ ದಿಂಬು ತಟ್ಟಿದರೆ ಸೀನಿನ ಜೊತೆಗೆ ಮುತ್ತಜ್ಜಿಯ ಮಾತೂ ಬರುತ್ತದೆ.

ದೊಡ್ಡ ಮಾತೇನಲ್ಲ. ಆಶೀರ್ವಾದ, ಉಪದೇಶ ಅಂಥದ್ದನ್ನೆಲ್ಲ ಯಾವ ಹಿರೀಕರೂ ಆಡಿದ್ದು ನಾನು ಕೇಳಿಲ್ಲ. ಬದುಕಿದ್ದಾಗ ದಿನಾ ಆಡಿ ಆಡಿ ಸವೆದ ಒಂದೊಂದು ಮಾತು ಅಷ್ಟೇ. ‘ಬಾಗಿಲು ಹಾಕ್ಕೊ’, ‘ಹಾಲು ಉಕ್ತು ನೋಡೇ’, ‘ಆ ಬೆಕ್ಕನ್ನ ಓಡ್ಸು’. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಮೊದಲು ಲೋಡು ತಟ್ಟುತ್ತಾರೆ. ಮನೆಯ ಗುಣ ಎಂಥದ್ದು ಅಂತ ಅದರಲ್ಲೇ ತಿಳಿದುಹೋಗುತ್ತದೆ. ನನ್ನನ್ನು ನೋಡಲು ಬಂದಾಗ ನಮ್ಮತ್ತೆ ದೇವೀರಮ್ಮ, ನನ್ನ ಮುಖಕ್ಕಿಂತ ಮೊದಲು ತವರಿನ ಲೋಡಿನ ಮೇಲೆ ಕೈ ಹಾಕಿದರು. ‘ಸಾರಿಗೆ ಉಪ್ಪಿಲ್ಲ’ ಅಂದರು ಅದರೊಳಗಿದ್ದ ನಮ್ಮಜ್ಜ. ನಮ್ಮತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ ‘ಕಲಿಸ್ಕೊಂಡ್ರೆ ಆಯ್ತು ಬಿಡಿ’ ಅಂದರು. ಹಾಗೆ ನಾನು, ಜಲಜಾಕ್ಷಿ, ಸೈಕಲ್ ಶಾಪಿನ ಶಿವನಂಜನ ಹೆಂಡತಿಯಾಗಿ ಈ ಬೀದಿಗೆ ಬಂದೆ. ಅಡುಗೆ ಕಲಿತೆ. ಬಾಯಿ ಮುಚ್ಚಿಕೊಂಡಿರುವುದನ್ನು ಮಾತ್ರ ಕಲಿಯಲಿಲ್ಲ.

ಫ್ಯಾನು ಎಲ್ಲರ ಮನೆಯಲ್ಲೂ ಇತ್ತು, ಯಾರೂ ಹಾಕುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ನಮ್ಮನೆಯವರು ಸೆಕೆ ತಡೆಯಲಾರದೆ ಹಾಕಿಬಿಟ್ಟರು. ರೆಕ್ಕೆಯ ಮೇಲೆ ತಣ್ಣಗಿದ್ದ ತಲೆತಲೆಮಾರಿನ ಅತ್ತೆ ಸೊಸೆಯರೆಲ್ಲ ಒಟ್ಟಿಗೆ ಎದ್ದು ಜಗಳಕ್ಕೆ ನಿಂತರು. ಆಮೇಲೆ ಅದರ ಸ್ವಿಚ್ಚಿಗೆ ಬಟ್ಟೆ ಸುತ್ತಿಟ್ಟೆವು. ಕಸ ಗುಡಿಸುವುದೇನಿದ್ದರೂ ಅಂಗಳದಲ್ಲಿ. ಒಳಗೆ ಹೆಜ್ಜೆ ಎತ್ತಿ ಎತ್ತಿ ಇಡಬೇಕು, ಪರದೆಯನ್ನು ಎರಡು ಬೆರಳಲ್ಲಿ ಸರಿಸಬೇಕು, ಹಾಸಿಗೆಯನ್ನಂತೂ ಬಿಸಿಲಿಗೆ ತರುವ ಹಾಗೇ ಇಲ್ಲ. ಬಿಸಿಲು ಕಂಡರೆ ಹಿರೀಕರು ಎದ್ದುಹೋಗುತ್ತಾರೆ ಅಂತ ನಂಬಿಕೆ.

ನಮ್ಮ ಮನೆಯಲ್ಲಿ ಹಿರೀಕರಿಗೆಲ್ಲ ಹಿರೀಕರು ಅಂದರೆ ಮಾವನವರು, ಮರಿಸ್ವಾಮಪ್ಪ. ಅವರಿದ್ದದ್ದು ನಡುಮನೆಯ ದೊಡ್ಡ ಹತ್ತಿ ಹಾಸಿಗೆಯಲ್ಲಿ. ನಮ್ಮತ್ತೆ ಮಲಗಲು ಹೋಗಿ ಮೈ ಊರಿದ ತಕ್ಷಣ ಹಾಸಿಗೆಯೊಳಗಿಂದ ನಿದ್ದೆಗಣ್ಣಿನ ದನಿ ಬರುತ್ತಿತ್ತು. ‘ಸ್ವಲ್ಪ ಆಚೆ ಸರ್ಕೊ.’ ಅಷ್ಟೇ. ನಮ್ಮತ್ತೆ ಸರಿದುಕೊಳ್ಳುತ್ತಿದ್ದರು. ಮಾವನವರು ಹೋಗಿ ಎಷ್ಟೋ ವರ್ಷವಾಗಿದ್ದರೂ ಅಷ್ಟಗಲದ ಹಾಸಿಗೆಯ ಅಂಚಿನಲ್ಲಿ, ಇನ್ನೊಂದು ಗೇಣು ಸರಿದರೆ ನೆಲಕ್ಕೆ ಬೀಳುವ ಹಾಗೆ ಮಲಗುತ್ತಿದ್ದರು. ನಾನು ಒಮ್ಮೆ ತಮಾಷೆಗೆ ‘ನೀವೇ ಸ್ವಲ್ಪ ಸರ್ಕೊಳ್ಳಿ ಅಂತ ತಿರುಗಿ ಹೇಳಿ ಅತ್ತೆ’ ಅಂದಿದ್ದೆ. ಅವರು ನಗಲಿಲ್ಲ.

ಇನ್ನು ನನ್ನ ಮಗಳ ವಿಷಯ. ಹೆಸರು ಸಂಪಿಗೆ. ಹುಟ್ಟಿದಾಗ ಮೂಗು ಅಷ್ಟು ಚೆಂದ ಇತ್ತು, ಅದಕ್ಕೇ ಇಟ್ಟ ಹೆಸರು. ಆ ಮೂಗೇ ನಮ್ಮ ಪಾಲಿಗೆ ಮುಳುವಾಯಿತು. ಮೊದಲು ಬೆಳಗಾಗೆದ್ದು ಸೀನು, ಆಮೇಲೆ ಕಣ್ಣು ತುರಿಕೆ, ಆಮೇಲೆ ಎದೆಯಲ್ಲಿ ಗುಯ್ ಅಂತ ಸದ್ದು. ಸ್ಕೂಲಿಗೆ ಹೋಗುವ ವಯಸ್ಸಿಗೆ ಬರುವ ಹೊತ್ತಿಗೆ ಒಂದು ಪೂರ್ತಿ ವಾಕ್ಯ ಆಡಲು ನಡುವೆ ನಿಲ್ಲಬೇಕಾಗುತ್ತಿತ್ತು. ‘ಅಮ್ಮ ನಂಗೆ’ ಅಂತ ನಿಲ್ಲುತ್ತಿದ್ದಳು. ನಾನು ಕಾಯಬೇಕು. ‘ಎರಡು ದೋಸೆ’ ಅನ್ನುತ್ತಿದ್ದಳು. ನಾನು ಎಂಥ ಸಿಡುಕಿ ಅಂದರೆ ಹಾಲಿನವನಿಗೆ ಕಾಯುವುದಕ್ಕೂ ನನಗೆ ಸಹನೆ ಇಲ್ಲ. ಆದರೆ ಆ ನಡುವಿನ ಹೊತ್ತನ್ನು ಕೈಯಲ್ಲಿದ್ದ ಕೆಲಸ ಬಿಟ್ಟು ಕಾಯುತ್ತಿದ್ದೆ.

ಉಬ್ಬಸ ಬಂದ ಮಗುವಿಗೆ ನಮ್ಮೂರಿನಲ್ಲಿ ಒಂದೇ ಔಷಧ. ಮನೆಯ ದೊಡ್ಡ ಹಿರೀಕರ ಪಕ್ಕ ಮಲಗಿಸುವುದು. ಅವರು ಕಾಯುತ್ತಾರಂತೆ. ನಮ್ಮತ್ತೆ ಅಕ್ಕರೆಯಿಂದಲೇ ಸಂಪಿಗೆಯನ್ನು ಆ ಹತ್ತಿ ಹಾಸಿಗೆಯ ನಟ್ಟನಡುವೆ, ಮಾವನವರ ಜಾಗದಲ್ಲೇ ಮಲಗಿಸಿ, ಮುಖ ಹಾಸಿಗೆಗೆ ತಾಗುವ ಹಾಗೆ ಬೋರಲು ಮಾಡಿ ಬೆನ್ನು ನೀವುತ್ತಿದ್ದರು. ಮಗು ಇನ್ನಷ್ಟು ಏದುಸಿರು ಬಿಡುತ್ತಿತ್ತು. ‘ಹಿರೀಕರು ಎಳೀತಿದಾರೆ, ರೋಗ ಬಿಡ್ತಾ ಇದೆ’ ಅನ್ನುತ್ತಿದ್ದರು. ಅವರಿಗೂ ಅವರ ಅತ್ತೆ ಹಾಗೇ ಹೇಳಿಕೊಟ್ಟಿದ್ದರು.

ಅದರಲ್ಲೂ ಗುಣವಾಗದಿದ್ದರೆ ಬಸ್ಸು. ಗುಡ್ಡದಾಚೆ ಒಂದು ಹಾಸ್ಟೆಲ್ ಇದೆ. ಸಿಮೆಂಟು ನೆಲ, ಖಾಲಿ ಗೋಡೆ, ಒಳಗೆ ಒಬ್ಬ ಹಿರೀಕರೂ ಇಲ್ಲ. ಊರಿನ ಉಬ್ಬಸದ ಮಕ್ಕಳೆಲ್ಲ ಇದ್ದದ್ದು ಅಲ್ಲೇ. ಅಮಾವಾಸ್ಯೆ ಅಮಾವಾಸ್ಯೆಗೆ ಅಲ್ಲಿನ ಬಸ್ಸು ಬರುತ್ತಿತ್ತು. ಮಕ್ಕಳು ಇಳಿದು ಮನೆಯೊಳಗೆ ಹೋಗುತ್ತಿರಲಿಲ್ಲ. ನಮ್ಮ ಬಾಗಿಲ ಮುಂದಿನ ಹೊಂಗೆ ಮರದ ಕೆಳಗೆ ಒಂದು ಉದ್ದನೆಯ ಕಲ್ಲುಬೆಂಚಿದೆ. ಅದರ ಮೇಲೆ ಸಾಲಾಗಿ ಕೂರುತ್ತಿದ್ದರು. ತಾಯಂದಿರು ತಟ್ಟೆಯನ್ನು ಅಲ್ಲಿಗೇ ತಂದು ಉಣಿಸುತ್ತಿದ್ದರು. ಸಂಜೆ ಬಸ್ಸು ಅವರನ್ನು ಹತ್ತಿಸಿಕೊಂಡು, ಹೊಸದಾಗಿ ಯಾರಾದರೂ ಇದ್ದರೆ ಅವರನ್ನೂ ಸೇರಿಸಿಕೊಂಡು ಹೋಗುತ್ತಿತ್ತು. ಎದುರು ಮನೆಯ ರಾಚಪ್ಪನವರ ಮಗಳು ವನಮಾಲ ಹಾಗೆ ಹೋದಾಗ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಈಗ ಎರಡು ಜಡೆ ಹಾಕಿಕೊಂಡು ಬಂದು ಕೂರುತ್ತಾಳೆ, ತನ್ನ ಮನೆಯ ಬಾಗಿಲನ್ನು ದೂರದಿಂದ ನೋಡಿಕೊಂಡು.

‘ಬರೋ ಅಮಾಸೆಗೆ ಸಂಪಿನ ಕಳಿಸ್ಬಿಡಣ ಜಲಜಾ. ಕಣ್ಮುಂದೆ ಹಿಂಗಾಗದನ್ನ ನಂಗೆ ನೋಡಕ್ಕಾಗಲ್ಲ’ ಅಂದರು ನಮ್ಮತ್ತೆ ಒಂದು ದಿನ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ.

‘ನನ್ನ ಮಗಳು ಬೆಂಚಿನ ಮೇಲೆ ಕೂತು ಉಣ್ಣಲ್ಲ’ ಅಂದೆ. ಅಷ್ಟು ಜೋರಾಗಿ ಅಂದೆ ಅಂದರೆ ಗೋಡೆಯ ಮೇಲಿನ ಹಿರೀಕರೊಬ್ಬರು ಎಚ್ಚೆತ್ತು ‘ಹಾಲು ಉಕ್ತು ನೋಡೇ’ ಅಂದರು.

ನನ್ನ ತಲೆಯಲ್ಲಿ ಆಗಲೇ ಒಂದು ಹುಳ ಕೊರೆಯುತ್ತಿತ್ತು. ಸ್ವಲ್ಪ ದಿನದ ಹಿಂದೆ ಪಕ್ಕದೂರಿನ ನೆಂಟರ ಮದುವೆಗೆ ಹೋಗಿ ತೆಂಗಿನ ಗರಿಯ ಚಪ್ಪರದಲ್ಲಿ, ಒಗೆದ ಸೀರೆ ಹಾಸಿಕೊಂಡು ಮಲಗಿದ್ದೆವು. ಅಲ್ಲಿ ಸಂಪಿಗೆ ಬೆಳಗಿನವರೆಗೂ ಮಿಸುಕಾಡಿರಲಿಲ್ಲ. ಅಷ್ಟು ಜನ, ಅಷ್ಟು ಗದ್ದಲ, ಅಷ್ಟು ಹೊಗೆಯ ನಡುವೆ ಒಂದು ಸೀನೂ ಇಲ್ಲ. ಮನೆಗೆ ಬಂದು ಆ ಹಾಸಿಗೆಗೆ ಬಿದ್ದದ್ದೇ ತಡ, ಎದೆ ಮತ್ತೆ ಗುಯ್ ಅಂದಿತು. ಇದನ್ನು ಹೇಳೋಣ ಅಂತ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಹೊರಗಿನವರು. ಸಂಪಿಗೆಯ ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಬಾಯಿಗೆ ಹಿಡಿದು ಎಳೆದುಕೊಳ್ಳುವ ಪಂಪು ಕೊಟ್ಟು, ಹೇಗೆ ಎಳೆಯಬೇಕು ಅಂತ ತೋರಿಸಿ, ‘ಮನೇಲಿ ಧೂಳು ಜಾಸ್ತೀನಾ?’ ಅಂತ ಕೇಳಿಬಿಟ್ಟರು.

ನನ್ನ ಕಿವಿ ಬಿಸಿಯಾಯಿತು. ಯಾರಾದರೂ ನಿಮ್ಮ ಮಾವನವರನ್ನು ಏಕವಚನದಲ್ಲಿ ಕರೆದರೆ ಹೇಗಿರುತ್ತದೋ ಹಾಗೆ. ಆದರೂ ನುಂಗಿಕೊಂಡು ವಿಷಯ ಹೇಳಿದೆ. ಅವರು ನಗಲಿಲ್ಲ, ಬೆರಗಾಗಲೂ ಇಲ್ಲ. ‘ಮಾತಾಡೋರು ಯಾರಾದ್ರೂ ಇರ್ಲಿ ಜಲಜಮ್ಮ, ಆ ಹಾಸಿಗೇಲಿ ಅವರ ಜೊತೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಳಗಳಿರ್ತವೆ. ಅವು ಹೊರಗೆ ಹಾಕೋ ಹೊಲಸೇ ನಿಮ್ಮ ಮಗಳ ಉಸಿರಿಗೆ ಆಗ್ತಿಲ್ಲ’ ಅಂದರು.

‘ನಮ್ಮ ಮಾವನವರ ಜೊತೆ ಹುಳ ಮಲಗಿವೆಯಾ?’

‘ಲಕ್ಷಗಟ್ಟಲೆ.’

ನನಗೆ ಅಷ್ಟು ಸಾಕಾಗಿತ್ತು. ತಪ್ಪು ಹಿರೀಕರದ್ದಲ್ಲ, ಅವರ ಮನೆ ಸೇರಿಕೊಂಡ ಈ ಬಾಡಿಗೆಯವರದ್ದು! ಡಾಕ್ಟರಮ್ಮ ಇನ್ನೂ ಏನೋ ಹೇಳುತ್ತಿದ್ದರು, ನಾನಾಗಲೇ ಮಗಳ ಕೈ ಹಿಡಿದು ಮೆಟ್ಟಿಲು ಇಳಿದಿದ್ದೆ.

ಮನೆಗೆ ಬಂದವಳೇ ಅಂಗಳದ ಪೊರಕೆ ಹಿಡಿದು ಒಳಗೆ ನುಗ್ಗಿದೆ. ನಮ್ಮತ್ತೆ ದೇವಸ್ಥಾನಕ್ಕೆ ಹೋಗಿದ್ದರು. ಕಪಾಟು, ಅಟ್ಟ, ಕಿಟಕಿ, ಎಲ್ಲಕ್ಕೂ ಪಟಪಟ ಬಾರಿಸಿದೆ. ಮನೆ ಕಟ್ಟಿದಂದಿನಿಂದ ಕೂತಿದ್ದವರೆಲ್ಲ ಒಟ್ಟಿಗೆ ಎದ್ದರು ನೋಡಿ! ‘ಬಾಗಿಲು ಹಾಕ್ಕೊ’, ‘ಯಾರೇ ಅದು’, ‘ಎಲೆ ಅಡಿಕೆ ಎಲ್ಲಿ’, ‘ಓಡ್ಸು ಆ ಬೆಕ್ಕನ್ನ’. ಬೂದು ಮೋಡ ನಡುಮನೆ ತುಂಬಿತು, ಯಾರ ಮಾತು ಯಾರಿಗೂ ಕೇಳಿಸದು. ಆ ಗದ್ದಲದಲ್ಲಿ ನಾನು ಕೇಳಿಸಿಕೊಳ್ಳಬೇಕಾಗಿದ್ದ ಸದ್ದು ಒಂದೇ ಆಗಿತ್ತು, ಅದೇ ಕೇಳಿಸಲಿಲ್ಲ. ಸಂಪಿಗೆ ಬಾಗಿಲಲ್ಲಿ ಗೋಡೆ ಹಿಡಿದು ಬಗ್ಗಿ ನಿಂತಿದ್ದಳು. ತುಟಿ ನೀಲಿಯಾಗಿತ್ತು. ಅವಳನ್ನು ಎತ್ತಿಕೊಂಡು ಬರಿಗಾಲಲ್ಲಿ ಆಸ್ಪತ್ರೆಗೆ ಓಡಿದ್ದು, ನಮ್ಮನೆಯವರು ಸೈಕಲ್ ಬಿಸಾಕಿ ಹಿಂದೆ ಓಡಿಬಂದದ್ದು, ಡಾಕ್ಟರಮ್ಮ ಅವಳ ಮುಖಕ್ಕೆ ಹೊಗೆಯಂಥ ಔಷಧ ಹಿಡಿದದ್ದು, ಇವಿಷ್ಟೇ ನನಗೆ ನೆನಪಿರುವುದು. ಅವಳ ಉಸಿರು ತಹಬಂದಿಗೆ ಬಂದ ಮೇಲೆ ಡಾಕ್ಟರಮ್ಮ ನನಗೆ ಚೆನ್ನಾಗಿ ಬೈದರು.

‘ಒಣ ಪೊರಕೆ ಹಿಡೀರಿ ಅಂದೆನಾ ನಾನು? ಒದ್ದೆ ಬಟ್ಟೆ ಅಂದೆ! ಮಾತು ಮುಗಿಯೋವರೆಗೆ ನಿಲ್ಲೋಕೆ ಏನಾಗಿತ್ತು ನಿಮಗೆ?’

ಈ ಸಲ ನಿಂತು ಕೇಳಿದೆ. ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ಒರೆಸುವಾಗ ಮಗು ಹೊರಗಿರಬೇಕು, ನನ್ನ ಮೂಗಿಗೂ ಬಟ್ಟೆ ಇರಬೇಕು. ಹೊದಿಕೆ, ದಿಂಬಿನ ಚೀಲ ಎಲ್ಲ ವಾರಕ್ಕೊಮ್ಮೆ ಕೈ ಸುಡುವಂಥ ಬಿಸಿನೀರಲ್ಲಿ ಒಗೆಯಬೇಕು. ಹಾಸಿಗೆಗೆ ಒತ್ತು ನೇಯ್ಗೆಯ ಚೀಲ ಹೊಲಿಸಿ ಜಿಪ್ಪು ಹಾಕಿಸಬೇಕು. ಬೆಕ್ಕು ಮಲಗುವ ಕೋಣೆಗೆ ಬರಬಾರದು. ಬಚ್ಚಲ ಗೋಡೆಯ ಬೂಷ್ಟು ಹೋಗಬೇಕು, ಜಿರಲೆಗೆ ಎಂಜಲು ಸಿಗಬಾರದು, ಕಿಟಕಿ ತೆರೆದಿರಬೇಕು. ಪಂಪನ್ನು ಮಾತ್ರ ತಾನು ಹೇಳುವವರೆಗೆ ಬಿಡಬಾರದು.

ಮನೆಗೆ ಬಂದರೆ ನಮ್ಮತ್ತೆ ಹೊಸಿಲ ಮೇಲೆ ಕೂತಿದ್ದರು. ಮೈಯೆಲ್ಲ ಬೂದು. ಅತ್ತು ಅತ್ತು ಕೆನ್ನೆಯ ಮೇಲೆ ಗೆರೆ ಬಿದ್ದಿತ್ತು. ‘ಹಿರೀಕರಿಗೆ ಹೊಡೆದ್ಯಲ್ಲೇ. ನೋಡು, ಮಗೂಗೇ ತಿರುಗ್ಸಿದ್ರು. ನಾನು ಬಸ್ಸಿಗೆ ಹೇಳಿ ಕಳಿಸಿದೀನಿ, ಅಮಾಸೆಗೆ ಸೀಟು ಇಟ್ಟಿರ್ತಾರೆ’ ಅಂದರು. ನಾನು ಒಳಗೆ ಹೋಗಿ ಬಕೆಟ್ಟು ತಂದೆ.

ಒದ್ದೆ ಬಟ್ಟೆಯ ಕೆಲಸ ಬೇರೆಯೇ. ಕಪಾಟಿನ ಮೇಲೆ ಮೆಲ್ಲಗೆ ಎಳೆದರೆ ಹಿರೀಕರು ಏಳಲೇ ಇಲ್ಲ. ಮಗು ಮಗ್ಗುಲು ಬದಲಿಸುವಂತೆ ಒಂಚೂರು ಗೊಣಗಿ ಬಟ್ಟೆಗೆ ಬಂದರು. ಬಕೆಟ್ಟಿನಲ್ಲಿ ಹಿಂಡಿದಾಗ ನೀರು ಗುಳುಗುಳು ಅಂದಿತು, ಅಷ್ಟೇ. ಆದರೆ ಆ ನೀರನ್ನು ಏನು ಮಾಡುವುದು? ಬಚ್ಚಲಿಗೆ ಸುರಿಯಲು ನನಗೂ ಮನಸ್ಸು ಬರಲಿಲ್ಲ. ನಾನೂ ಈ ಊರಿನವಳೇ ತಾನೆ. ಎಷ್ಟು ಬಾಯಿ ಮಾಡಿದರೂ ಮನೆಯ ಹಿರೀಕರನ್ನು ಮೋರಿಗೆ ಬಿಡಲು ನನ್ನಿಂದಲೂ ಆಗುವುದಿಲ್ಲ. ಬಕೆಟ್ಟು ಎತ್ತಿಕೊಂಡು ಹೊರಗೆ ಬಂದು ಹೊಂಗೆ ಮರದ ಬುಡಕ್ಕೆ ಹೊಯ್ದು ಕೈಮುಗಿದೆ.

ಮಾರನೆಯ ದಿನ ಸಂಜೆ ಗಾಳಿ ಎದ್ದಾಗ ನಾನು ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದೆ. ತಲೆಯ ಮೇಲೆ ಎಲೆ ಅಲ್ಲಾಡಿತು. ‘ಹಾಲು ಉಕ್ತು ನೋಡೇ’ ಅಂದಿತು ಮರ.

ನಾನು ಮೊರ ಬಿಟ್ಟು ಎದ್ದು ನಿಂತೆ. ಆ ದನಿ ಒಳಗಿದ್ದಾಗ ಗಂಟಲು ಕಟ್ಟಿದಂತಿರುತ್ತಿತ್ತು. ಇಲ್ಲಿ ಎಷ್ಟು ಸ್ವಚ್ಛವಾಗಿ ಕೇಳಿಸಿತೆಂದರೆ ನಾನು ನಿಜವಾಗಿ ಒಳಗೆ ಓಡಿಹೋಗಿ ಹಾಲು ನೋಡಿಬಂದೆ. ಆಮೇಲೆ ಅಂಗಳದ ನಡುವೆ ನಿಂತು ಗಟ್ಟಿಯಾಗಿ ನಕ್ಕೆ. ಯಾರೂ ಎಲ್ಲಿಗೂ ಹೋಗಿರಲಿಲ್ಲ, ಹೊರಗೆ ಗಾಳಿಗೆ ಬಂದಿದ್ದರು ಅಷ್ಟೇ!

ಅಲ್ಲಿಂದ ನನ್ನನ್ನು ಹಿಡಿಯುವವರಿರಲಿಲ್ಲ. ಸಂಪಿಗೆಯನ್ನು ಅಪ್ಪನ ಸೈಕಲ್ ಶಾಪಿಗೆ ಕಳಿಸಿ, ಮೂಗಿಗೆ ಟವೆಲ್ಲು ಕಟ್ಟಿ, ದಿನಕ್ಕೊಂದು ಕೋಣೆ ಹಿಡಿದೆ. ಪರದೆ ಬಿಚ್ಚಿ ಹಂಡೆಯಲ್ಲಿ ಕುದಿಸಿದೆ. ಕಂದು ಅಂದುಕೊಂಡಿದ್ದ ಪರದೆಯಲ್ಲಿ ಹಳದಿ ಹೂವಿದ್ದವು. ಜಮಖಾನವನ್ನು ಸುತ್ತಿ ಹೊರಗಿಟ್ಟೆ. ನಮ್ಮನೆಯವರು ಭಾನುವಾರ ಬಚ್ಚಲ ಗೋಡೆಯ ಹಿಂದೆ ಸೋರುತ್ತಿದ್ದ ಪೈಪು ಸರಿಮಾಡಿ, ಬೂಷ್ಟು ಉಜ್ಜಿ, ಸುಣ್ಣ ಬಳಿದರು. ರಾತ್ರಿಯ ಪಾತ್ರೆ ರಾತ್ರಿಯೇ ತೊಳೆದೆ, ಹಿಟ್ಟಿನ ಡಬ್ಬಗಳಿಗೆಲ್ಲ ಬಿಗಿ ಮುಚ್ಚಳ ಹಾಕಿದೆ, ಜಿರಲೆಗಳು ಪಕ್ಕದ ಬೀದಿಗೆ ಗುಳೆ ಎದ್ದವು. ಬೆಕ್ಕಿಗೆ ಹಿತ್ತಿಲಲ್ಲಿ ಗೋಣಿಚೀಲ ಹಾಸಿದೆ. ಅದು ನನ್ನ ಮೇಲೆ ಈಗಲೂ ಮುನಿಸಿಕೊಂಡಿದೆ. ಫ್ಯಾನಿನ ರೆಕ್ಕೆಯನ್ನು ಒರೆಸಿದ ನೀರು ಸುರಿದ ದಿನವಂತೂ ಮರದಲ್ಲಿ ಭಾರೀ ಜಗಳ. ಬೀದಿಯ ಹೆಂಗಸರೆಲ್ಲ ಬಂದು ನಿಂತು ಕೇಳಿದರು, ತೀರ್ಪೂ ಕೊಟ್ಟರು.

ಸಂಪಿಗೆ ಸುಧಾರಿಸುತ್ತಿದ್ದಳು. ಹಗಲು ಸೀನು ನಿಂತಿತ್ತು. ಆದರೆ ಮಲಗಿದರೆ ಮತ್ತೆ ಅದೇ. ಏಕೆಂದರೆ ಹಾಸಿಗೆ ಹಾಗೇ ಇತ್ತು, ಅದರ ಮೇಲೆ ನಮ್ಮತ್ತೆ ಕೂತಿದ್ದರು. ಅವಳನ್ನು ಆಚೆ ಕೋಣೆಯಲ್ಲಿ ಮಲಗಿಸಿ ನೋಡಿದೆ. ಮಲಗುವುದಕ್ಕೆ ಇರುವುದೇ ಎರಡು ಕೋಣೆ, ನಡುವಿನ ದಾರಿಗೆ ಕದವೂ ಇಲ್ಲ. ನಮ್ಮತ್ತೆ ಮಗ್ಗುಲು ಬದಲಿಸಿದರೆ ಇಲ್ಲಿ ಮಗು ಕೆಮ್ಮುತ್ತಿತ್ತು.

‘ಅತ್ತೆ, ಮರದಲ್ಲಿ ಎಲ್ಲರ ಮಾತೂ ಕೇಳಿಸ್ತಿದೆ ತಾನೆ. ಮಾವನವರೂ ಹಂಗೇ ಇರ್ತಾರೆ’ ಅಂದೆ, ನನ್ನ ಮಟ್ಟಿಗೆ ಮೆತ್ತಗೆ.

ನಮ್ಮತ್ತೆ ಹಾಸಿಗೆಯ ಅಂಚನ್ನು ಸವರಿದರು. ‘ಮರಕ್ಕೆ ಹೋದ್ರೆ ಬೀದಿಗೆಲ್ಲ ಮಾತಾಡ್ತಾರೆ. ಆ ಮಾತು ಬೀದೀದಲ್ಲ ಕಣೇ, ನಂದು. ಬದುಕಿದ್ದಾಗ್ಲೂ ಅವ್ರು ನಂಗೆ ಅಂತ ಆಡಿದ್ದು ಅದೊಂದೇ’ ಅಂದರು.

ನನಗೆ ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಅಮಾವಾಸ್ಯೆ ಇನ್ನೇನು ಬಂದೇಬಿಡುವಂತಿತ್ತು.

ಮರುದಿನ ಬೆಳಿಗ್ಗೆ ಸಂಪಿಗೆ ಕಾಣಲಿಲ್ಲ. ಹುಡುಕಿಕೊಂಡು ಹೊರಗೆ ಬಂದರೆ ಕಲ್ಲುಬೆಂಚಿನ ತುದಿಯಲ್ಲಿ, ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೈಯಲ್ಲಿ ತಟ್ಟೆ. ಇಡ್ಲಿಯನ್ನು ತಾನೇ ಬಡಿಸಿಕೊಂಡು ಬಂದಿದ್ದಳು. ನಮ್ಮತ್ತೆ ನನ್ನ ಹಿಂದೆಯೇ ಬಂದರು.

‘ಇಲ್ಯಾಕೆ ಕೂತೆ ಕಂದ?’ ಅಂತ ಕೇಳಿದರು.

‘ರೂಢಿ ಮಾಡ್ಕೊತಿದೀನಿ ಅಜ್ಜಿ’ ಅಂದು ಉಸಿರು ಎಳೆದುಕೊಂಡಳು. ‘ಆಮೇಲೆ ಬಂದಾಗ ಇಲ್ಲೇ ಅಲ್ವಾ ಊಟ.’

ನಮ್ಮತ್ತೆ ತಿರುಗಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿಂದ ಧಬ್ ಅಂತ ಸದ್ದಾಯಿತು. ಓಡಿಹೋಗಿ ನೋಡಿದರೆ ಆ ಹಣ್ಣು ಹಣ್ಣು ಮುದುಕಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಹಾಸಿಗೆಗೆ ಒದ್ದೆ ದುಪ್ಪಟಿ ಹೊದಿಸಿ, ಸುತ್ತಿ, ಹಗ್ಗ ಕಟ್ಟಿ, ಬೆನ್ನಿಗೇರಿಸಲು ಒದ್ದಾಡುತ್ತಿದ್ದರು. ಮುಖಕ್ಕೆ ನನ್ನದೇ ಟವೆಲ್ಲು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೇ ಇದ್ದರು ಅಂತ ಗೊತ್ತಾಯಿತು.

‘ನಿಂತ್ಕೊಂಡು ನೋಡ್ತೀಯಲ್ಲೇ, ಆ ಕಡೆ ಹಿಡ್ಕೊ! ಸಂಪಿನ ದೂರ ಕಳ್ಸು ಮೊದ್ಲು’ ಅಂದರು.

ಇಬ್ಬರೂ ಹೊತ್ತು ಹೊಸಿಲು ದಾಟಿದಾಗ ಬೀದಿಯೇ ಹೊರಗೆ ಬಂತು. ರಾಚಪ್ಪನವರು ತಮ್ಮ ಜಗಲಿಯಿಂದ ಇಳಿದು ಅಡ್ಡ ನಿಂತರು. ಊರಿನಲ್ಲಿ ಹಿರೀಕರ ವಿಷಯಕ್ಕೆ ಅವರ ಮಾತೇ ಕೊನೆ. ಅವರ ಮನೆಯಲ್ಲಿ ಹಿರೀಕರು ಬೆರಳು ಮುಳುಗುವಷ್ಟು ದಪ್ಪ ಇದ್ದರು.

‘ಏನು ದೇವೀರಕ್ಕ ಇದು, ಮರಿಸ್ವಾಮಣ್ಣನ್ನ ಬೀದಿಗೆ ತಂದ್ಬಿಟ್ಯಲ್ಲ! ಬಿಸ್ಲು ಕಂಡ್ರೆ ಎದ್ದೋಗ್ತಾರೆ!’

‘ಅವ್ರು ಬಿಸ್ಲು ಕಾಣದೆ ಎಷ್ಟೋ ವರ್ಷ ಆಯ್ತು ಕಣಪ್ಪ, ಸ್ವಲ್ಪ ಕಾಯಿಸ್ಕೊಳ್ಳಿ. ನೀನು ದಾರಿ ಬಿಡು, ಭಾರ ಇದೆ’ ಅಂದರು ನಮ್ಮತ್ತೆ. ರಾಚಪ್ಪನವರು ದಾರಿ ಬಿಟ್ಟರು. ಬಿಡದೆ ಇದ್ದಿದ್ದರೆ ಹಾಸಿಗೆಯ ಸಮೇತ ಅವರ ಮೇಲೆಯೇ ಹೋಗುವಂತಿತ್ತು ಆ ನಡಿಗೆ.

ಹಾಸಿಗೆ ಬಿಚ್ಚಿ, ಹಳೆಯ ಹತ್ತಿಯನ್ನು ದೊಡ್ಡ ಕೊಳಗದಲ್ಲಿ ನೆನೆಸಿ ನೆನೆಸಿ ಹಿಂಡಿದೆವು. ಮಾವನವರದ್ದು ಸದ್ದೇ ಇಲ್ಲ. ಹಿಂಡಿದ ನೀರನ್ನು ನಮ್ಮತ್ತೆ ನನ್ನ ಕೈಗೆ ಕೊಡಲಿಲ್ಲ, ತಾವೇ ಮರದ ಬುಡಕ್ಕೆ ಚೊಂಬು ಚೊಂಬಾಗಿ ಹೊಯ್ದರು. ಹೊಸ ಹತ್ತಿ ತುಂಬಿಸಿ, ಒತ್ತು ಬಟ್ಟೆಯ ಚೀಲ ಹೊಲಿಸಿ ಜಿಪ್ಪು ಎಳೆದೆ. ಆ ರಾತ್ರಿ ಸಂಪಿಗೆ ಕಾಲು ಕೈ ಚೆಲ್ಲಿ ಮಲಗಿ ನಿದ್ದೆಹೋದಳು, ನಮ್ಮನೆಯವರು ಎದ್ದೆದ್ದು ಹೋಗಿ ಮಗು ಉಸಿರಾಡುತ್ತಿದೆಯೋ ಇಲ್ಲವೋ ಅಂತ ನೋಡಿ ಬರುವಷ್ಟು ಸದ್ದಿಲ್ಲದ ನಿದ್ದೆ. ನಾನು ದಿಂಬಿಗೆ ಮುಖ ಒತ್ತಿ ಅತ್ತುಬಿಟ್ಟೆ. ಸಂತೋಷಕ್ಕೆ ಅಳು ಬರುತ್ತದೆ ಅನ್ನುವುದನ್ನು ನಾನು ಅಲ್ಲಿಯವರೆಗೆ ನಂಬಿರಲಿಲ್ಲ.

ಆದರೆ ಮರ ಮಾತಾಡಲಿಲ್ಲ. ಗಾಳಿಯೇ ಬಿದ್ದುಹೋಗಿತ್ತು. ಒಂದು ಎಲೆ ಅಲ್ಲಾಡದು. ನಮ್ಮತ್ತೆ ಬೆಳಿಗ್ಗೆ ಎದ್ದು ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದರು, ಊಟಕ್ಕೆ ಕರೆದರೆ ಬರುತ್ತಿದ್ದರು, ಮತ್ತೆ ಹೋಗಿ ಕೂರುತ್ತಿದ್ದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೊಸ ಹಾಸಿಗೆಯಲ್ಲೂ ಅಂಚಿನಲ್ಲೇ ಮಲಗುತ್ತಿದ್ದರು, ಯಾರೂ ‘ಸರ್ಕೊ’ ಅನ್ನದಿದ್ದರೂ.

ಅಮಾವಾಸ್ಯೆ ಬಂತು. ಬಸ್ಸೂ ಬಂತು. ಮಕ್ಕಳು ಒಬ್ಬೊಬ್ಬರಾಗಿ ಇಳಿದು ಬೆಂಚಿನ ಕಡೆ ಬಂದರು. ಬೆಂಚಿನ ಮೇಲೆ ಆಗಲೇ ನಮ್ಮತ್ತೆ, ಸಂಪಿಗೆ, ನಾನು, ಬೀದಿಯ ಒಂದಿಬ್ಬರು ಹೆಂಗಸರು ಕೂತಿದ್ದೆವು. ಡ್ರೈವರು ಕಿಟಕಿಯಿಂದ ಕತ್ತು ಚಾಚಿ ‘ಸಂಪಿಗೆ ಅನ್ನೋ ಹುಡುಗಿ ಯಾರು? ಸೀಟು ಹೇಳಿದ್ರಲ್ಲ’ ಅಂತ ಕೂಗಿದ.

ನಾನು ಬಾಯಿ ತೆರೆಯುವ ಮೊದಲೇ ನನ್ನ ಮಗಳು ಬೆಂಚಿನ ಮೇಲೆ ಹತ್ತಿ ನಿಂತಳು. ‘ನಾನು ಬರಲ್ಲ ನಾನು ನಮ್ಮನೇಲೇ ಇರ್ತೀನಿ ನಮ್ಮ ಹಾಸಿಗೆ ಹೊಸದಾಗಿದೆ ನೀವು ಹೋಗಿ!’ ಅಂತ ಒಂದೇ ಉಸಿರಿಗೆ ಕೂಗಿದಳು. ಒಂದೇ ಉಸಿರಿಗೆ! ನಡುವೆ ಎಲ್ಲೂ ನಿಲ್ಲಲಿಲ್ಲ. ನಾನು ಎಂದಿನಂತೆ ಅರ್ಧ ವಾಕ್ಯಕ್ಕೆ ಕಾಯಲು ಸಿದ್ಧಳಾಗಿದ್ದೆ, ವಾಕ್ಯ ಮುಗಿದೇ ಹೋಗಿತ್ತು. ಡ್ರೈವರು ಕತ್ತು ಒಳಗೆಳೆದುಕೊಂಡ.

ಅಷ್ಟರಲ್ಲಿ ವನಮಾಲ ಬಂದಳು. ಬೆಂಚು ತುಂಬಿತ್ತು. ಅವಳು ಎರಡು ಜಡೆ ಮುಂದಕ್ಕೆ ಹಾಕಿಕೊಂಡು, ಬಿಸಿಲಿನಲ್ಲಿ ಸುಮ್ಮನೆ ಒಂದು ಕಡೆ ನಿಂತಳು. ಎದುರಿನ ಜಗಲಿಯಲ್ಲಿ ರಾಚಪ್ಪನವರು ಮಗಳಿಗೆಂದು ತಂದ ತಟ್ಟೆ ಹಿಡಿದು ನಿಂತಿದ್ದರು. ಆಗ, ಎಲ್ಲಿತ್ತೋ ಏನೋ, ಗಾಳಿ ಬಂತು. ಮೊದಲು ತುದಿಯ ಎಲೆ, ಆಮೇಲೆ ಕೊಂಬೆ, ಆಮೇಲೆ ಇಡೀ ಮರ ಮೈ ಮುರಿದುಕೊಂಡಿತು.

‘ಸ್ವಲ್ಪ ಆಚೆ ಸರ್ಕೊ.’

ನಮ್ಮತ್ತೆ ಯೋಚಿಸಲೇ ಇಲ್ಲ. ಇಷ್ಟು ವರ್ಷದ ರೂಢಿ, ಮೈ ತಾನೇ ಸರಿಯಿತು. ಅವರು ಸರಿದರು, ನಾನು ಸರಿದೆ, ಪಕ್ಕದವರು ಸರಿದರು. ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು. ವನಮಾಲ ಆ ಜಾಗ ನೋಡಿದಳು, ಮರ ನೋಡಿದಳು, ಬಂದು ನಮ್ಮತ್ತೆಯ ಪಕ್ಕ ಕೂತಳು. ಸಂಪಿಗೆ ಅವಳ ಜಡೆ ಹಿಡಿದು ‘ನಂಗೀಗ ಉಬ್ಬಸ ಇಲ್ಲ ಗೊತ್ತಾ’ ಅಂತ ಜಂಬ ಕೊಚ್ಚಿದಳು.

ನಮ್ಮತ್ತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು, ನಗುತ್ತಿದ್ದರು. ‘ಕೇಳಿಸ್ತೇನೇ ಜಲಜಾ? ದನಿ ಎಷ್ಟು ತಿಳಿಯಾಗಿದೆ! ಮದ್ವೆ ಆದ ಹೊಸತರಲ್ಲಿ ಹಿಂಗೇ ಇತ್ತು’ ಅಂದರು. ‘ಹೋಗ್ಲಿ ಬಿಡು, ಬೀದಿಗೇ ಹೇಳ್ಲಿ. ಸರ್ಕೊಂಡೋಳು ನಾನೇ ತಾನೆ ಮೊದ್ಲು.’

ರಾಚಪ್ಪನವರು ತಟ್ಟೆ ಹಿಡಿದುಕೊಂಡು ಬೀದಿ ದಾಟಿ ಬಂದರು. ಮಗಳ ಮುಂದೆ ಇಟ್ಟರು. ತಲೆಯೆತ್ತಿ ಮರ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

‘ಜಲಜಮ್ಮ, ನಿಮ್ಮನೇಲಿ ಇನ್ನೊಂದು ಬಕೆಟ್ಟು ಇದ್ಯಾ?’

ನನ್ನ ಬಾಯಿಗೆ ಏನೇನೋ ಬಂತು. ದೇವರಾಣೆ, ನುಂಗಿಕೊಂಡೆ. ‘ಇದೆ ಅಣ್ಣ. ಒಣ ಪೊರಕೆ ಮಾತ್ರ ಮುಟ್ಟಬೇಡಿ. ಮಾತು ಮುಗಿಯೋವರೆಗೆ ನಿಂತು ಕೇಳಿ’ ಅಂದೆ. ಅವರು ನಿಂತು ಕೇಳಿದರು.

ಈಗ ನಮ್ಮೂರಿನಲ್ಲಿ ಮಾತಾಡದ ಮರ ಇಲ್ಲ. ಬಾವಿಯ ಹತ್ತಿರದ ಬೇವಿನ ಮರ ದಿನಾ ಎಲೆ ಅಡಿಕೆ ಕೇಳುತ್ತದೆ. ಹೋಗುವವರು ಒಂದು ಚೂರು ಇಟ್ಟು ಹೋಗುತ್ತಾರೆ. ಹೆಣ್ಣು ನೋಡಲು ಬಂದವರು ಲೋಡಿನ ಬದಲು ಮನೆ ಮುಂದಿನ ಕೊಂಬೆ ಅಲ್ಲಾಡಿಸುತ್ತಾರೆ. ಎಲ್ಲ ಮನೆಯಲ್ಲೂ ಫ್ಯಾನು ತಿರುಗುತ್ತದೆ. ಮನೆ ಮನೆಯ ಹಾಸಿಗೆ ತೊಳೆದಾದ ಮೇಲೆ ಬಂದ ಅಮಾವಾಸ್ಯೆಗೆ ಬಸ್ಸಿನ ಮೇಲೆ ಟ್ರಂಕುಗಳ ರಾಶಿ ಇತ್ತು. ಮಕ್ಕಳು ಬೆಂಚಿನ ಹತ್ತಿರ ನಿಲ್ಲಲೂ ಇಲ್ಲ, ಚಪ್ಪಲಿ ಬಿಟ್ಟು ತಮ್ಮ ತಮ್ಮ ಮನೆಯೊಳಗೆ ಓಡಿದರು. ವನಮಾಲ ಹೊಸಿಲಲ್ಲಿ ಒಂದು ಗಳಿಗೆ ನಿಂತಳು, ಒಳಗಿಂದ ರಾಚಪ್ಪನವರು ‘ಬಾರವ್ವ’ ಅಂದರು, ಹೋದಳು. ಒಂದಿಬ್ಬರಿಗೆ ಇನ್ನೂ ಪಂಪು ಬೇಕಾಗುತ್ತದೆ, ಡಾಕ್ಟರಮ್ಮ ನೋಡಿಕೊಳ್ಳುತ್ತಾರೆ. ಬಸ್ಸು ಖಾಲಿ ಹೋಯಿತು. ನಾನು ಬೀದಿಯ ನಡುವೆ ನಿಂತು ಅದಕ್ಕೆ ಕೈ ಬೀಸಿದೆ, ಡ್ರೈವರಿಗೆ ಕಾಣುವಂತೆ ಎರಡೂ ಕೈ ಎತ್ತಿ.

ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ನಾನು ಒಗೆದ ದಿಂಬಿನ ಚೀಲ ಮಡಿಸುತ್ತಿದ್ದೆ. ನಮ್ಮತ್ತೆ ಹಾಸಿಗೆಯ ಮೇಲೆ ಅಡ್ಡಾಗಿದ್ದರು. ಅಂಚಿನಲ್ಲಲ್ಲ, ನಟ್ಟನಡುವೆ, ಕೈಕಾಲು ಚಾಚಿ, ಸಣ್ಣಗೆ ಗೊರಕೆ ಹೊಡೆಯುತ್ತ. ಸಂಪಿಗೆ ಆಟ ಮುಗಿಸಿ ಬಂದವಳು ದಬಕ್ಕನೆ ಹಾಸಿಗೆಗೆ ಬಿದ್ದಳು. ಹಾಸಿಗೆ ಏನೂ ಅನ್ನಲಿಲ್ಲ. ಅವಳೇ, ನಿದ್ದೆಗಣ್ಣಿನ ಒಂದು ಎಳೆದ ದನಿಯಲ್ಲಿ, ಅಜ್ಜಿಯನ್ನು ಬೆನ್ನಿನಿಂದ ನೂಕುತ್ತ ಹೇಳಿದಳು.

‘ಸ್ವಲ್ಪ ಆಚೆ ಸರ್ಕೊ.’

ನಮ್ಮತ್ತೆ ಕಣ್ಣು ತೆರೆಯದೆ ನಕ್ಕು, ಸರಿದುಕೊಂಡರು.